ಆರು ಫ್ಯಾನ್ ಇದ್ದೂ ಉಸಿರು ಕಟ್ಟಿದ ಕ್ಯಾಬಿನೆಟ್: ಒಂದು ಗೇಮಿಂಗ್ ಪಿಸಿಯ ಪ್ರಕರಣ

"ಅಣ್ಣಾ, ಗೇಮ್ ಎಳೀಲಿಕತ್ತದ. ಮೊದಲ ಇಪ್ಪತ್ತು ನಿಮಿಷ ಛಲೋ ಇರ್ತದ, ಆಮ್ಯಾಗ ಮುಗೀತು."

2024ರ ಏಪ್ರಿಲ್ ಮೊದಲ ವಾರ ಬಂದ ಫೋನ್ ಇದು. ಫೋನ್ ಮಾಡಿದ ಹುಡುಗನ ಹೆಸರು, ಊರು ಹೇಳುವುದಿಲ್ಲ. ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕು ಅಂದರೆ ಸಾಕು. ಹಗಲು ಮನೆಯಲ್ಲೇ ಕೂತು ಮದುವೆ ವಿಡಿಯೊ ಎಡಿಟ್ ಮಾಡುತ್ತಾನೆ, ರಾತ್ರಿ ಗೇಮ್ ಆಡುತ್ತಾನೆ. ನಾನು ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿರುವವನು. ಗೊತ್ತಿರುವವರಿಗೆ ಪಿಸಿ ಜೋಡಿಸಿಕೊಡುವುದು ನನ್ನ ಚಟ. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರ ಮಾತ್ರ ಬದಲಿಸಿದ್ದೇನೆ.

ಅವನ ಪಿಸಿಯಲ್ಲಿದ್ದದ್ದು ಇಷ್ಟು: ರೈಝೆನ್ 5 5600 ಪ್ರೊಸೆಸರ್, ಅದರ ಜೊತೆಗೇ ಬಂದ ಚಿಕ್ಕ ಕೂಲರ್, ಬಿ550 ಮದರ್‌ಬೋರ್ಡ್, ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3070 ಗ್ರಾಫಿಕ್ಸ್ ಕಾರ್ಡ್, ಎಲ್ಲಕ್ಕೂ ಕರೆಂಟ್ ಕೊಡುವ 650 ವಾಟ್ ಎಸ್‌ಎಂಪಿಎಸ್. ಇವೆಲ್ಲ ಕೂರುವ ಡಬ್ಬಿ, ಅಂದರೆ ಕ್ಯಾಬಿನೆಟ್ ಮಾತ್ರ ಫೋಟೊ ನೋಡಿ ತೆಗೆದುಕೊಂಡದ್ದು. ಎದುರಿಗೆ ಪೂರ್ತಿ ಕಪ್ಪು ಗಾಜು, ಪಕ್ಕದಲ್ಲೂ ಗಾಜು, ಗಾಜಿನ ಹಿಂದೆ ಬಣ್ಣ ಬದಲಿಸುವ ಮೂರು ಫ್ಯಾನ್, ಹಿಂಭಾಗದಲ್ಲಿ ಇನ್ನೊಂದು. ಸುಮಾರು 65 ಸಾವಿರದ ಪಿಸಿಯಲ್ಲಿ ಕ್ಯಾಬಿನೆಟ್‌ಗೆ ಹೋದದ್ದು 3,200 ರೂಪಾಯಿ. ಇದು ಅವನೊಬ್ಬನ ಕಥೆಯಲ್ಲ ಬಿಡಿ. ಎಲ್ಲರೂ ಪ್ರೊಸೆಸರ್‌ಗೆ, ಕಾರ್ಡ್‌ಗೆ ಲೆಕ್ಕ ಹಾಕಿ, ಕೊನೆಗೆ ಉಳಿದ ದುಡ್ಡಿನಲ್ಲಿ ಚೆಂದ ಕಾಣುವ ಡಬ್ಬಿ ತರುತ್ತಾರೆ.

ಡಿಸೆಂಬರ್‌ನಲ್ಲಿ ಜೋಡಿಸಿದ ಪಿಸಿ ಮಾರ್ಚ್ ತನಕ ಚೆನ್ನಾಗಿಯೇ ನಡೆದಿತ್ತು. ಬಿಸಿಲು ಏರಿದ ಮೇಲೆ ತಕರಾರು ಶುರು. ಮೊದಲು ತೊಂಬತ್ತರ ಆಸುಪಾಸು ಇರುತ್ತಿದ್ದ ಎಫ್‌ಪಿಎಸ್ (ಸೆಕೆಂಡಿಗೆ ಪರದೆಯ ಮೇಲೆ ಮೂಡುವ ಚಿತ್ರಗಳ ಎಣಿಕೆ) ಅರ್ಧ ಗಂಟೆಯಲ್ಲಿ ಅರವತ್ತಕ್ಕೆ ಇಳಿಯುತ್ತಿತ್ತು. ಕಾರ್ಡಿನ ಫ್ಯಾನ್ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು.

ನಂಬಿ ಕೆಟ್ಟ ಒಂದು ಅಂಕಿ

ಕಾರ್ಡಿನ ತಾಪಮಾನ ಎಷ್ಟು ಅಂತ ಕೇಳಿದೆ. 83 ಡಿಗ್ರಿ ಅಂದ. ಇಪ್ಪತ್ತು ನಿಮಿಷಕ್ಕೂ 83, ಒಂದು ಗಂಟೆಗೂ 83. "ಏರಂಗಿಲ್ಲ ಅಣ್ಣಾ, ಅಂದ್ರ ಬಿಸಿ ತಕರಾರು ಅಲ್ಲ, ಬ್ಯಾರೇನೋ ಅದ" ಅಂತ ಅವನ ವಾದ. ನನಗೂ ಒಂದು ಕ್ಷಣ ಹೌದಲ್ವಾ ಅನ್ನಿಸಿತು.

ಆದರೆ ಈ ಕಾರ್ಡುಗಳು 83 ಡಿಗ್ರಿಯ ಗೆರೆ ಇಟ್ಟುಕೊಂಡೇ ಕೆಲಸ ಮಾಡುತ್ತವೆ. ಆ ಗೆರೆ ಮುಟ್ಟಿದರೆ ತಾಪಮಾನ ಏರಲು ಬಿಡುವುದಿಲ್ಲ, ಬದಲಿಗೆ ತಮ್ಮ ವೇಗವನ್ನೇ ಕಡಿಮೆ ಮಾಡಿಕೊಳ್ಳುತ್ತವೆ. ಅಂದರೆ ತಾಪಮಾನದ ಅಂಕಿ ನಿಂತಿದೆ ಅಂತ ನೆಮ್ಮದಿ ಪಡುವ ಹಾಗಿಲ್ಲ, ಅದರ ಪಕ್ಕದ ಕ್ಲಾಕ್ ಅಂಕಿಯನ್ನೂ, ಅಂದರೆ ಕಾರ್ಡಿನ ವೇಗವನ್ನೂ ನೋಡಬೇಕು. ತಾಪಮಾನ, ವೇಗ ಎಲ್ಲ ದಾಖಲಿಸುವ ಎಚ್‌ಡಬ್ಲ್ಯುಇನ್ಫೊ ಸಾಫ್ಟ್‌ವೇರ್ ಹಾಕಿಸಿ ಲಾಗ್ ತೆಗೆಸಿದೆ. ಶುರುವಿನಲ್ಲಿ 1905 ಮೆಗಾಹರ್ಟ್ಸ್ ಇದ್ದದ್ದು ನಲವತ್ತನೇ ನಿಮಿಷಕ್ಕೆ 1600ರ ಹತ್ತಿರ ಬಂದಿತ್ತು. ಪ್ರೊಸೆಸರ್ 88 ಡಿಗ್ರಿ ಮುಟ್ಟಿತ್ತು, 5600ರ ಮಿತಿಯೇ 90. ಬಿಸಿಯದೇ ತಕರಾರು ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು.

ಮೊದಲು ಮಾಡಿದ್ದೆಲ್ಲ

ಇಲ್ಲಿ ನನ್ನ ತಪ್ಪೂ ಇದೆ. ಸೆಕೆಂಡ್ ಹ್ಯಾಂಡ್ ಕಾರ್ಡ್ ಅಂದ ಕೂಡಲೇ ಒಳಗೆ ಚಿಪ್ಪಿನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಪೇಸ್ಟ್ ಒಣಗಿರುತ್ತೆ ಅಂತ ತೀರ್ಮಾನಕ್ಕೆ ಬಂದೆ. ಕಲಬುರಗಿಯ ಒಬ್ಬ ರಿಪೇರಿಯವರಿಂದ ಬಿಚ್ಚಿಸಿ ಹೊಸ ಪೇಸ್ಟ್ ಹಾಕಿಸಿದ್ದಾಯಿತು. ಲಾಭ ಎರಡು ಡಿಗ್ರಿ ಇರಬಹುದು, ಅಷ್ಟೇ. ಆಮೇಲೆ ಪ್ರೊಸೆಸರ್‌ಗೆ 155 ಮಿಲಿಮೀಟರ್ ಎತ್ತರದ ಒಂದು ಟವರ್ ಕೂಲರ್ ತರಿಸಿದ. ಪ್ರೊಸೆಸರ್ 88ರಿಂದ 80ಕ್ಕೆ ಇಳಿಯಿತು. ಗೇಮ್ ಮಾತ್ರ ಎಳೆಯುವುದು ನಿಲ್ಲಲಿಲ್ಲ, ಯಾಕೆಂದರೆ ಕಾರ್ಡ್ ಇನ್ನೂ 83ರಲ್ಲೇ ಕೂತಿತ್ತು.

ಮೂರನೆಯದು ಅವನದೇ ಯೋಜನೆ. ಮೇಲ್ಭಾಗದಲ್ಲಿ ಎರಡು ಫ್ಯಾನ್‌ಗೆ ಜಾಗ ಖಾಲಿ ಇತ್ತು. ಅಲ್ಲಿ ಇನ್ನೆರಡು ಬಣ್ಣದ ಫ್ಯಾನ್ ಕೂರಿಸಿದ, ಗಾಳಿಯನ್ನು ಮೇಲಕ್ಕೆ ಹೊರಹಾಕುವ ಹಾಗೆ. ಈಗ ಒಟ್ಟು ಆರು. ಮಾರನೇ ದಿನ ಖುಷಿಯಿಂದ ಫೋನ್ ಬಂತು: "ಆರು ಡಿಗ್ರಿ ಕಮ್ಮಿ ಆಗೇದ ಅಣ್ಣಾ!"

ಎರಡು ದಿನ ಬಿಟ್ಟು ಮತ್ತೆ ಮೊದಲಿನ ಹಾಗೇ ಆಯಿತು. ಯಾಕೆ ಅಂತ ತಲೆ ಕೆಡಿಸಿಕೊಂಡು ಮಾತಾಡುತ್ತಿದ್ದಾಗ "ಅವತ್ತು ಕೂಲರ್ ಹಚ್ಚಿದ್ದೆ" ಅಂದ. ಟವರ್ ಕೂಲರ್ ಹಾಕಿ ವಾರವಾಯಿತಲ್ಲ ಅಂದುಕೊಂಡೆ. ಅವನು ಹೇಳಿದ್ದು ಕಿಟಕಿಯ ಕೂಲರ್, ನೀರು ಹಾಕಿ ತಂಪು ಗಾಳಿ ಬಿಡುವಂಥದ್ದು! ಆ ಕಡೆ ಬೇಸಿಗೆಯಲ್ಲಿ ಮನೆಮನೆಯಲ್ಲೂ ಇರುತ್ತದೆ. ಕೋಣೆಯ ಗಾಳಿಯೇ ಆರು ಡಿಗ್ರಿ ತಣ್ಣಗಾಗಿತ್ತು, ಪಿಸಿಯೂ ಅಷ್ಟೇ ತಣ್ಣಗಾಯಿತು. ಹೊಸ ಫ್ಯಾನ್‌ಗಳು ಮಾಡಿದ್ದು ಏನೂ ಇಲ್ಲ.

ಈ ಪ್ರಕರಣದಲ್ಲಿ ನಾವು ಸರಿಯಾಗಿ ಯೋಚಿಸಲು ಶುರು ಮಾಡಿದ್ದು ಇಲ್ಲಿಂದ. ಪಿಸಿಯ ಬಿಸಿ ಯಾವಾಗಲೂ ಸುತ್ತಲ ಗಾಳಿಯ ಮೇಲೆ ಕೂತಿರುತ್ತದೆ. ಕೋಣೆ ಒಂದು ಡಿಗ್ರಿ ಏರಿದರೆ ಕಾರ್ಡ್ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಹಾಗಾಗಿ "ನನ್ನ ಕಾರ್ಡ್ 70 ಡಿಗ್ರಿ" ಅನ್ನುವ ಮಾತಿಗೆ ಅರ್ಥವಿಲ್ಲ. ಮಡಿಕೇರಿಯ 70 ಬೇರೆ, ರಾಯಚೂರಿನ 70 ಬೇರೆ. ಕೋಣೆಗಿಂತ ಎಷ್ಟು ಮೇಲಿದೆ ಅನ್ನುವುದೇ ಅಳತೆ. ಅವನಿಗೆ ಒಂದು ಚಿಕ್ಕ ಡಿಜಿಟಲ್ ಥರ್ಮಾಮೀಟರ್ ತರಿಸಿಕೊಳ್ಳಲು ಹೇಳಿದೆ. ಇಡೀ ವ್ಯವಹಾರದಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಉಪಯೋಗಕ್ಕೆ ಬಂದ ವಸ್ತು ಅದೇ.

ಮನೆಗೆ ಹೋಗಿ ನೋಡಿದಾಗ

ಏಪ್ರಿಲ್ ಕೊನೆಗೆ ಒಂದು ಮದುವೆಗೆ ಆ ಕಡೆ ಹೋಗುವುದಿತ್ತು. ಒಂದು ದಿನ ಉಳಿದುಕೊಂಡು ಅವನ ಮನೆಗೆ ಹೋದೆ. ಕೋಣೆಗೆ ಕಾಲಿಟ್ಟ ಕೂಡಲೇ ನಗು ಬಂತು. ಪಿಸಿ ಇದ್ದದ್ದು ಹಳೆ ಕಾಲದ ಕಂಪ್ಯೂಟರ್ ಟೇಬಲ್‌ನ ಗೂಡಿನೊಳಗೆ. ಎಡಕ್ಕೆ ಹಲಗೆ, ಬಲಕ್ಕೆ ಹಲಗೆ, ಹಿಂದೆ ಗೋಡೆ, ಎದುರಿಗೆ ಮಾತ್ರ ಖಾಲಿ. ಇಷ್ಟು ದಿನ ಫೋನಿನಲ್ಲಿ ಪೇಸ್ಟ್, ಕೂಲರ್, ಕ್ಲಾಕ್ ಅಂತೆಲ್ಲ ಮಾತಾಡಿದ್ದೆವು. ಪಿಸಿ ಎಲ್ಲಿ ಇಟ್ಟಿದ್ದೀಯ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ.

ಥರ್ಮಾಮೀಟರನ್ನು ಕೋಣೆಯ ನಡುವೆ ಇಟ್ಟರೆ 34. ಗೂಡಿನೊಳಗೆ, ಕ್ಯಾಬಿನೆಟ್ ಗಾಳಿ ಎಳೆದುಕೊಳ್ಳುವ ಜಾಗದಲ್ಲಿ ಇಟ್ಟರೆ 42. ಪಿಸಿ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು.

ಅಳತೆ ನ್ಯಾಯವಾಗಿರಲಿ ಅಂತ ಮೊದಲು ಕಾರ್ಡನ್ನು ಕಟ್ಟಿಹಾಕಿದೆವು. ಪವರ್ ಲಿಮಿಟ್ 80 ಪರ್ಸೆಂಟ್, ಅಂದರೆ 220 ವಾಟ್ ಬದಲು 176. ಕಾರ್ಡಿನ ಫ್ಯಾನ್ 70 ಪರ್ಸೆಂಟ್‌ನಲ್ಲಿ ಸ್ಥಿರ. ಗೇಮಿನಲ್ಲಿ ಒಂದೇ ಜಾಗ, ಪ್ರತಿ ಸಲ ಅರ್ಧ ಗಂಟೆ. ಹೀಗೆ ಮಾಡದಿದ್ದರೆ ಕಾರ್ಡ್ ತನ್ನ ಫ್ಯಾನ್ ಜೋರು ಮಾಡಿಯೋ ವೇಗ ಇಳಿಸಿಯೋ ವ್ಯತ್ಯಾಸವನ್ನು ಮುಚ್ಚಿಹಾಕುತ್ತದೆ.

ಗೂಡಿನೊಳಗೆ ಇದ್ದಾಗ ಕಾರ್ಡ್ ಕೋಣೆಗಿಂತ 48 ಡಿಗ್ರಿ ಮೇಲಿತ್ತು. ಹೊರಗೆ ಎಳೆದು ನೆಲದ ಮೇಲೆ ಇಟ್ಟೆವು, 43. ಪಕ್ಕದ ಗಾಜು ತೆಗೆದೆವು, 35. ಇದೇ ನಿಜವಾದ ಪರೀಕ್ಷೆ. ಪಕ್ಕದ ಬಾಗಿಲು ತೆಗೆದಾಗ ಎರಡು ಮೂರು ಡಿಗ್ರಿ ಇಳಿದರೆ ಕ್ಯಾಬಿನೆಟ್‌ದು ದೊಡ್ಡ ತಪ್ಪಿಲ್ಲ, ಕೂಲರ್, ಪೇಸ್ಟ್ ಕಡೆ ನೋಡಬೇಕು. ಎಂಟು ಡಿಗ್ರಿ ಇಳಿದರೆ ಆರೋಪಿ ಕ್ಯಾಬಿನೆಟ್ಟೇ. ಇನ್ನೂ ಒಂದು ಹೆಜ್ಜೆ ಹೋದೆವು. ಪಕ್ಕದ ಗಾಜು ವಾಪಸ್ ಹಾಕಿ, ಎದುರಿನ ಗಾಜಿನ ಮುಖವನ್ನಷ್ಟೇ ಕಿತ್ತೆವು. 36! ಅಂದರೆ ಬಿಸಿ ಹೊರಗೆ ಹೋಗಲು ದಾರಿ ಇತ್ತು. ತಣ್ಣನೆ ಗಾಳಿಗೆ ಒಳಗೆ ಬರಲು ದಾರಿ ಇರಲಿಲ್ಲ.

ಟೇಪ್ ಹಿಡಿದು ಅಳೆದರೆ ಲೆಕ್ಕ ಎದುರಿಗೇ ಇತ್ತು. ಗಾಜಿನ ಎರಡೂ ಅಂಚಿನಲ್ಲಿ 40 ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಗಲದ ಸಂದು. ಒಟ್ಟು 80 ಚದರ ಸೆಂಟಿಮೀಟರ್. ಅದರ ಹಿಂದೆ ಮೂರು 120 ಮಿಲಿಮೀಟರ್ ಫ್ಯಾನ್, ನಡುವಿನ ಗುಂಡನೆ ಭಾಗ ಕಳೆದರೂ ಒಂದೊಂದಕ್ಕೆ ನೂರರ ಹತ್ತಿರ, ಒಟ್ಟು 300. ಮೂರು ಜನ ಒಂದೇ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ.

ಎಷ್ಟು ಗಾಳಿ ಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಪಿಸಿ ಎಳೆಯುವ ಕರೆಂಟೆಲ್ಲ ಕೊನೆಗೆ ಬಿಸಿಯೇ ಆಗುತ್ತದೆ. 3070 ಪೂರ್ತಿ ಓಡಿದರೆ 220 ವಾಟ್, 5600 ಜಾಸ್ತಿ ಅಂದರೆ 76. ಅವೆರಡೇ ಸೇರಿ ಸುಮಾರು 300 ವಾಟ್. ಈ ಬಿಸಿಯನ್ನು ಹೊತ್ತುಕೊಂಡು ಹೋಗುವಾಗ ಗಾಳಿ ಹತ್ತು ಡಿಗ್ರಿಗಿಂತ ಜಾಸ್ತಿ ಏರಬಾರದು ಅಂದರೆ ನಿಮಿಷಕ್ಕೆ ಸುಮಾರು 1600 ಲೀಟರ್ ಗಾಳಿ ಹಾಯಬೇಕು. 200 ಲೀಟರಿನ ಎಂಟು ಡ್ರಮ್. ಫ್ಯಾನ್ ಡಬ್ಬಿಯ ಮೇಲೆ ಬರೆದಿರುವ ಅಂಕಿಗಳೇನೋ ದೊಡ್ಡದಾಗಿಯೇ ಇರುತ್ತವೆ, ಆದರೆ ಅವು ಎದುರಿಗೆ ಏನೂ ಅಡ್ಡ ಇಲ್ಲದಾಗಿನ ಅಂಕಿ. ಗಾಜು ಅಡ್ಡ ಬಂದರೆ ಆ ಲೆಕ್ಕ ನಿಲ್ಲುವುದಿಲ್ಲ.

ಇನ್ನು ಮೇಲಿನ ಆ ಎರಡು ಫ್ಯಾನ್ ಏನು ಮಾಡುತ್ತಿದ್ದವು? ಅದಕ್ಕೆ ಊದುಬತ್ತಿ ಹಚ್ಚಿದೆವು. ಎದುರಿನ ಸಂದಿಯ ಹತ್ತಿರ ಹಿಡಿದರೆ ಹೊಗೆ ಸೋಮಾರಿಯಂತೆ ಒಳಗೆ ಹೋಯಿತು. ಹಿಂದೆ, ಕಾರ್ಡ್ ಕೂರುವ ಸ್ಲಾಟ್‌ಗಳ ಹತ್ತಿರ ಹಿಡಿದರೆ ಸರ್ರನೆ ಒಳಗೆ ಎಳೆದುಕೊಂಡಿತು. ಹೊರಹಾಕುವ ಫ್ಯಾನ್ ಜಾಸ್ತಿಯಾಗಿ, ಒಳಬರುವ ಗಾಳಿ ಸಾಲದೆ, ಪಿಸಿ ಸಿಕ್ಕ ಸಿಕ್ಕ ಸಂದಿಯಿಂದ ಎಳೆಯುತ್ತಿತ್ತು. ಜಾಲರಿಯೇ ಇಲ್ಲದ ಆ ಸಂದಿಗಳಲ್ಲಿ ಕಪ್ಪು ಮಣ್ಣಿನ ನವಿರು ಧೂಳು ಗೆರೆ ಕಟ್ಟಿತ್ತು. ಇನ್ನೊಂದು ಎಡವಟ್ಟೂ ಇತ್ತು. ಮೇಲಿನ ಎರಡರಲ್ಲಿ ಮುಂದಿನದು, ಎದುರಿನಿಂದ ಬಂದ ಅಷ್ಟಿಷ್ಟು ತಣ್ಣನೆ ಗಾಳಿಯನ್ನು ಕಾರ್ಡಿಗೆ ತಲುಪುವ ಮೊದಲೇ ಮೇಲಕ್ಕೆ ಎಳೆದು ಹೊರಗೆ ಬಿಸಾಕುತ್ತಿತ್ತು.

ಚಹಾ ತಂದ ಅವನ ಅಮ್ಮ ಬಾಗಿಲಲ್ಲೇ ನಿಂತರು. "ಏನ್ರಿ, ಕಂಪ್ಯೂಟರ್ ಪೂಜಾ ಮಾಡ್ಲಿಕತ್ತೀರೇನು? ದಸರಾ ಇನ್ನಾ ದೂರ ಅದ."

ಕ್ಯಾಬಿನೆಟ್ ಹುಡುಕಾಟ

ಇಷ್ಟಾದ ಮೇಲೂ ನಿರ್ಧಾರ ಸುಲಭ ಇರಲಿಲ್ಲ. ಒಬ್ಬ ಅಂಗಡಿಯವರು ಅವನಿಗೆ ಲಿಕ್ವಿಡ್ ಕೂಲಿಂಗ್ (ಪೈಪಿನಲ್ಲಿ ಹರಿಯುವ ದ್ರವ ಬಿಸಿಯನ್ನು ಹೊತ್ತೊಯ್ಯುವ ವ್ಯವಸ್ಥೆ) ಹಾಕಿಸು ಅಂದಿದ್ದರು. ಕೇಳಲು ದೊಡ್ಡದು, ಖರ್ಚೂ ದೊಡ್ಡದು. ಆದರೆ ಅದು ತಣ್ಣಗೆ ಮಾಡುವುದು 76 ವಾಟಿನ ಪ್ರೊಸೆಸರನ್ನು. ನಮ್ಮ ಗೋಳು 220 ವಾಟಿನ ಕಾರ್ಡ್‌ದು. ಜೊತೆಗೆ ಅದರ ರೇಡಿಯೇಟರನ್ನು ಎದುರಿಗೆ ಕೂರಿಸಿದರೆ, ಈಗಲೇ ಉಸಿರು ಕಟ್ಟಿರುವ ಮೂಗಿಗೆ ಹತ್ತಿ ತುರುಕಿದ ಹಾಗೆ. ಬೇಡ ಅಂದೆ.

ಎದುರಿನ ಗಾಜು ಕಿತ್ತು ಹಾಗೇ ಬಳಸೋಣ ಅನ್ನುವುದು ಎರಡನೇ ದಾರಿ. ಬಿಟ್ಟಿ, ಕೆಲಸವೂ ಆಗುತ್ತೆ. ಆದರೆ ಆ ಕ್ಯಾಬಿನೆಟ್‌ನಲ್ಲಿ ಫ್ಯಾನ್ ಮುಂದೆ ಜಾಲರಿಯೇ ಇರಲಿಲ್ಲ. ಆ ಊರಿನ ಧೂಳಿಗೆ ಹದಿನೈದು ದಿನದಲ್ಲಿ ಎಲ್ಲ ಮೆತ್ತಿಕೊಳ್ಳುತ್ತದೆ. ಧೂಳು ಕಡಿಮೆ ಇರುವ ಕಡೆ ಇದ್ದಿದ್ದರೆ ನಾನು ಇದನ್ನೇ ಹೇಳಿ ಸುಮ್ನೆ ಆಗುತ್ತಿದ್ದೆನೇನೋ.

ಅವನ ಮನಸ್ಸಿನಲ್ಲಿ ಇದ್ದದ್ದು ಮೀನಿನ ತೊಟ್ಟಿಯಂಥ ಕ್ಯಾಬಿನೆಟ್, ಎದುರೂ ಪಕ್ಕವೂ ಗಾಜು, ಗಾಳಿ ಕೆಳಗಿನಿಂದ ಮತ್ತು ಇನ್ನೊಂದು ಪಕ್ಕದಿಂದ. ಅವನ್ನು ಪೂರ್ತಿ ತಳ್ಳಿಹಾಕುವುದು ತಪ್ಪು. ಕೆಳಗಿನ ಫ್ಯಾನ್‌ಗಳು ನೇರ ಕಾರ್ಡಿಗೇ ಗಾಳಿ ಊದುವುದರಿಂದ ಕೆಲವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಹಲವು ಫ್ಯಾನ್ ಇಲ್ಲದೆ ಬರುತ್ತವೆ. ಆರೇಳು ಫ್ಯಾನ್ ಬೇರೆ ಕೊಳ್ಳಬೇಕು. ನೆಲದ ಹತ್ತಿರದ ಗಾಳಿಯಲ್ಲಿ ಧೂಳೂ ಜಾಸ್ತಿ. ನಮ್ಮ 6,500 ರೂಪಾಯಿಯ ಬಜೆಟ್‌ನೊಳಗೆ ಆಗುವ ಮಾತಲ್ಲ. ಎರಡು ದಿನ ಮುನಿಸಿಕೊಂಡು ಒಪ್ಪಿದ.

ಮುಖ ಪೂರ್ತಿ ಮೆಶ್, ಅಂದರೆ ಗಾಳಿ ಹಾಯುವ ಜಾಲರಿ ಇರುವುದೇ ಬೇಕು ಅಂತಾಯಿತು. ಕೋರ್ಸೇರ್ 4000ಡಿ ಏರ್‌ಫ್ಲೋ, ಎದುರಿಗೆ ಎರಡು ದೊಡ್ಡ 160 ಮಿಲಿಮೀಟರ್ ಫ್ಯಾನ್ ಇರುವ ಲಿಯಾನ್ ಲಿ ಲ್ಯಾನ್‌ಕೂಲ್ 216, ಎರಡೂ ಪಟ್ಟಿಯಲ್ಲಿದ್ದವು. ಬಜೆಟ್ ದಾಟಿದ್ದರಿಂದ ಬಿಟ್ಟೆವು. ಉಳಿದದ್ದನ್ನು ನೋಡಲು ನಾನೇ ಒಂದು ಶನಿವಾರ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡ್‌ಗೆ ಹೋದೆ. ಅಲ್ಲಿ ನಾಲ್ಕೈದು ಅಂಗಡಿ ತಿರುಗಿದರೆ ಕ್ಯಾಬಿನೆಟ್‌ಗಳನ್ನು ಮುಟ್ಟಿ ನೋಡಬಹುದು. ಮೆಶ್ ಅಂತ ಹೆಸರಿದ್ದರೆ ಸಾಲದು. ಕೆಲವದರಲ್ಲಿ ಹೊರಗೆ ಚೆಂದದ ಮೆಶ್, ಅದರ ಹಿಂದೆ ಪ್ಲಾಸ್ಟಿಕ್ ಪಟ್ಟಿ, ಅದರ ಹಿಂದೆ ಸ್ಪಂಜಿನಂಥ ಫಿಲ್ಟರ್. ಮೊಬೈಲ್ ಟಾರ್ಚ್ ಹಚ್ಚಿ ಮುಖದ ಹಿಂದೆ ಹಿಡಿದೆ. ಒಂದರಲ್ಲಿ ಬೆಳಕು ಮಂಕಾಗಿ ಬಂತು, ಇನ್ನೊಂದರಲ್ಲಿ ಕಣ್ಣಿಗೆ ರಾಚಿತು. ಬೆಳಕು ಬರದ ಕಡೆ ಗಾಳಿಯೂ ಸಲೀಸಾಗಿ ಬರುವುದಿಲ್ಲ. ಅಂಗಡಿ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ.

ಒಂದು ಕ್ಯಾಬಿನೆಟ್ ತುಂಬಾ ಹಿಡಿಸಿತ್ತು. ಕಾರ್ಡಿಗೆ 320 ಮಿಲಿಮೀಟರ್ ಜಾಗ ಅಂತ ಡಬ್ಬಿಯ ಮೇಲಿತ್ತು. ಅವನ ಕಾರ್ಡ್ 305. ಆದರೆ ಆ 320 ಎದುರಿನ ಫ್ಯಾನ್ ಇಲ್ಲದಾಗಿನ ಅಳತೆ. ಫ್ಯಾನ್ ದಪ್ಪ 25 ಕಳೆದರೆ 295. ಅಲ್ಲೇ ಬಿಟ್ಟೆ. ಹಾಗೆಯೇ ಟವರ್ ಕೂಲರ್‌ಗೆ 155ಕ್ಕಿಂತ ಜಾಸ್ತಿ ಜಾಗ ಬೇಕಿತ್ತು, ಚಿಕ್ಕ ಕ್ಯಾಬಿನೆಟ್‌ಗಳು ಅಲ್ಲಿ ಬಿದ್ದುಹೋದವು.

ಕೊನೆಗೆ ಉಳಿದದ್ದು ಎರಡು. ಒಂದರಲ್ಲಿ ನಾಲ್ಕು 120ರ ಬಣ್ಣದ ಫ್ಯಾನ್. ಇನ್ನೊಂದರಲ್ಲಿ ಎದುರಿಗೆ 140ರ ಎರಡು, ಹಿಂದೆ 120ರ ಒಂದು, ಬಣ್ಣವಿಲ್ಲ. ಹುಡುಗನ ಓಟು ಮೊದಲನೆಯದಕ್ಕೆ. ಅದರ ವೈರ್ ಬಿಚ್ಚಿ ನೋಡಿದೆ. ನಾಲ್ಕೂ ಫ್ಯಾನ್ ನೇರ ಎಸ್‌ಎಂಪಿಎಸ್‌ಗೆ ಹೋಗುವ ಮೊಲೆಕ್ಸ್ ಪಿನ್. ಅಂದರೆ ಹಗಲು ರಾತ್ರಿ ಒಂದೇ ವೇಗ, ಒಂದೇ ಸದ್ದು. ಎರಡನೆಯದಕ್ಕೆ ಮದರ್‌ಬೋರ್ಡಿಗೆ ಚುಚ್ಚುವ ನಾಲ್ಕು ಪಿನ್. 140ರ ಫ್ಯಾನ್‌ನ ವಿಸ್ತಾರ 120ಕ್ಕಿಂತ ಮೂರನೇ ಒಂದು ಪಾಲು ಜಾಸ್ತಿ, ಅಷ್ಟೇ ಗಾಳಿಯನ್ನು ನಿಧಾನ ತಿರುಗಿಯೇ ಕೊಡುತ್ತದೆ. ಮುಖದ ಜಾಲರಿ ಸ್ಕ್ರೂ ಬಿಚ್ಚದೆ ಹೊರಗಿನಿಂದಲೇ ಕೈಗೆ ಬರುತ್ತಿತ್ತು. ನನಗೆ ತೀರ್ಮಾನ ಮಾಡಿಸಿದ್ದು ಈ ಕೊನೆಯದು. ಬಿಚ್ಚಲು ಕಷ್ಟವಾದ ಫಿಲ್ಟರನ್ನು ಯಾರೂ ತೊಳೆಯುವುದಿಲ್ಲ.

ಬದಲಿಸಿದ ಮೇಲೆ

ಮೇ ಎರಡನೇ ವಾರ ಕ್ಯಾಬಿನೆಟ್ ಪಾರ್ಸೆಲ್‌ನಲ್ಲಿ ಹೋಯಿತು. ವಿಡಿಯೊ ಕಾಲ್‌ನಲ್ಲಿ ನೋಡುತ್ತಾ ಅವನೇ ಬದಲಿಸಿದ. ಮೇಲೆ ಫ್ಯಾನ್ ಹಾಕಲಿಲ್ಲ. ಗೂಡಿಗೆ ವಾಪಸ್ ಇಡಲಿಲ್ಲ. ಎಸ್‌ಎಂಪಿಎಸ್ ಕೆಳಗಿನಿಂದ ಗಾಳಿ ಎಳೆಯುವ ಕಾರಣ, ಫರಸಿ ನೆಲಕ್ಕೆ ತಾಗದ ಹಾಗೆ ಕ್ಯಾಬಿನೆಟ್ ಕೆಳಗೆ ಒಂದು ಮಣೆ ಇಟ್ಟ. ಊಟದ ಮಣೆ ಅದು. ಅಮ್ಮನ ಹತ್ತಿರ ಬೈಸಿಕೊಂಡ.

ಮೊದಲಿನ ಅದೇ ಪರೀಕ್ಷೆ, 176 ವಾಟ್, 70 ಪರ್ಸೆಂಟ್ ಫ್ಯಾನ್. ಕೋಣೆಗಿಂತ 34 ಡಿಗ್ರಿ ಮೇಲೆ. 48ರಿಂದ 34ಕ್ಕೆ. ಈ ಹದಿನಾಲ್ಕರಲ್ಲಿ ಐದು ಡಿಗ್ರಿ ಬಿಟ್ಟಿ ಬಂದದ್ದು, ಗೂಡಿನಿಂದ ಹೊರಗೆ ಎಳೆದದ್ದಕ್ಕೆ. ಉಳಿದ ಒಂಬತ್ತು ಕ್ಯಾಬಿನೆಟ್‌ದು. ಫ್ಯಾನ್ ಆರರಿಂದ ಮೂರಕ್ಕೆ ಇಳಿದಿತ್ತು. ಆಮೇಲೆ ಕಾರ್ಡಿನ ಕಟ್ಟು ಬಿಚ್ಚಿ ಪೂರ್ತಿ 220 ವಾಟಿಗೆ ಬಿಟ್ಟೆವು. ಕೋಣೆ 37 ಇದ್ದ ರಾತ್ರಿ ಕಾರ್ಡ್ 77ರಲ್ಲಿ ನಿಂತಿತು, ವೇಗ 1870ರ ಹತ್ತಿರ, ಒಂದು ಗಂಟೆಯಾದರೂ ಬೀಳಲಿಲ್ಲ.

ಒಂದು ತೊಡಕು ಮಾತ್ರ ಉಳಿದಿತ್ತು. ಮದರ್‌ಬೋರ್ಡ್ ಕ್ಯಾಬಿನೆಟ್ ಫ್ಯಾನ್‌ಗಳನ್ನು ಪ್ರೊಸೆಸರ್ ಬಿಸಿ ನೋಡಿ ತಿರುಗಿಸುತ್ತಿತ್ತು. ಪ್ರೊಸೆಸರ್ ಈಗ ತಣ್ಣಗಿತ್ತಲ್ಲ, ಹಾಗಾಗಿ ಕಾರ್ಡ್ ಬೇಯುತ್ತಿದ್ದರೂ ಫ್ಯಾನ್‌ಗಳು ಆರಾಮಾಗಿ ತಿರುಗುತ್ತಿದ್ದವು. ಫ್ಯಾನ್ ಕಂಟ್ರೋಲ್ ಅನ್ನುವ ಬಿಟ್ಟಿ ಸಾಫ್ಟ್‌ವೇರ್ ಹಾಕಿ, ಎದುರಿನ ಎರಡನ್ನು ಕಾರ್ಡಿನ ತಾಪಮಾನಕ್ಕೆ ಕಟ್ಟಿದೆವು. ಇನ್ನೆರಡು ಡಿಗ್ರಿ ಸಿಕ್ಕಿತು.

ಕಿಟಕಿಯ ಕೂಲರ್ ಬಗ್ಗೆ ಕೇಳಿದ. ಹಚ್ಚು, ಒಣ ಬಿಸಿಲಿನಲ್ಲಿ ಅದಕ್ಕಿಂತ ಒಳ್ಳೆಯದು ಇಲ್ಲ, ಆದರೆ ಎದುರುಬದುರು ಕಿಟಕಿ ತೆರೆದಿರು, ಗಾಳಿ ನೇರ ಪಿಸಿಯ ಮುಖಕ್ಕೆ ಬೀಳದಿರಲಿ ಅಂದೆ. ನೀರಿನ ಹನಿ ಒಳಗೆ ಹೋದರೆ ಉಪ್ಪಿನ ಕಲೆ ಕೂರುತ್ತದೆ. ಮಳೆಗಾಲದಲ್ಲಿ ಹೇಗೂ ಅದು ತಣ್ಣಗೆ ಮಾಡುವುದಿಲ್ಲ, ಸುಮ್ನೆ ಜಿಗುಟು.

ಲೆಕ್ಕ ಹಾಕಿದರೆ, ಪೇಸ್ಟ್ ಹಾಕಿಸಿದ್ದು, ಟವರ್ ಕೂಲರ್, ಎರಡು ಬಣ್ಣದ ಫ್ಯಾನ್, ಎಲ್ಲ ಸೇರಿ ಸುಮಾರು 5,000 ಕ್ಯಾಬಿನೆಟ್‌ಗೆ ಮುಂಚೆಯೇ ಹೋಗಿತ್ತು. ಟವರ್ ಕೂಲರ್ ದಂಡವಲ್ಲ, ವಿಡಿಯೊ ರೆಂಡರ್ ಮಾಡುವಾಗ ಅದರ ಉಪಯೋಗ ಇದೆ. ಉಳಿದದ್ದು ನಮ್ಮಿಬ್ಬರ ಅವಸರದ ಬೆಲೆ. ಮೊದಲ ಫೋನಿನಲ್ಲೇ "ಪಕ್ಕದ ಬಾಗಿಲು ತೆಗೆದು ಅರ್ಧ ಗಂಟೆ ಆಡಿ ನೋಡು" ಅಂದಿದ್ದರೆ ಒಂದು ರೂಪಾಯಿ ಖರ್ಚಿಲ್ಲದೆ ಕಳ್ಳ ಸಿಗುತ್ತಿದ್ದ.

ಜೂನ್ ಕೊನೆಗೆ ಮತ್ತೆ ಫೋನ್. "ಅಣ್ಣಾ, 34 ಇದ್ದದ್ದು 39 ಆಗೇದ." ಜಾಲರಿ ಯಾವಾಗ ತೊಳೆದೆ ಅಂತ ಕೇಳಿದೆ. ಸದ್ದಿಲ್ಲ. ಐದು ವಾರವಾಗಿತ್ತು. ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಹಾಕಿದ ಮೇಲೆ 35ಕ್ಕೆ ಬಂತು. ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಅಮ್ಮ ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು ಬರೆಯುವ ಪುಟದಲ್ಲೇ, ಮೂರು ವಾರಕ್ಕೊಮ್ಮೆ ಅವನ ಅಕ್ಷರದಲ್ಲಿ "ಜಾಳಿ" ಅಂತ ಒಂದು ಗುರುತು ಇರುತ್ತದಂತೆ.